ಪಿ.ಟಿ. ಮೇಡಂ ಹತ್ತಿರ ಕೇಳಿ: ಮೊದಲು ತೇಲುವುದು, ಈಜು ಆಮೇಲೆ

ಹೋದ ತಿಂಗಳು ಇದೇ ಅಂಕಣದಲ್ಲಿ ಮಳೆಗಾಲದ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ಆಫ್ರಿಕಾದ ಕೆಲವು ಕಡೆ ಚಂಡಮಾರುತ, ಪ್ರವಾಹಕ್ಕೆ ಊರನ್ನು ತಯಾರು ಮಾಡುವಾಗ ಮಕ್ಕಳಿಗೆ, ಹೆಂಗಸರಿಗೆ ಜೀವ ಉಳಿಸಿಕೊಳ್ಳುವಷ್ಟು ಈಜು ಕಲಿಸುತ್ತಾರೆ, ಹಾಸನ ಜಿಲ್ಲೆಯಲ್ಲೂ ಅದು ಬೇಕು ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬರೀ ನೀರಿನ ಮಾತು. ಮೊಣಕಾಲು ನೋವಿನವರು ಒಂದು ತಿಂಗಳು ತಾಳಿಕೊಳ್ಳಿ.

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಸಕಲೇಶಪುರದಲ್ಲಿ ಹೇಮಾವತಿಯನ್ನು ಕಣ್ಣಾರೆ ನೋಡಿದವನು ನಾನು. ಬೇರುಸಮೇತ ಮರಗಳು ತೇಲಿಹೋಗುತ್ತಿದ್ದವು. ಆ ನೀರಿಗೆ ಒಲಿಂಪಿಕ್ಸ್ ಈಜುಗಾರ ಬಿದ್ದರೂ ಉಳಿಯಲಾರ. ಪ್ರವಾಹಕ್ಕೆ ಅಂತ ಈಜು ಕಲಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಲ್ವಾ ಮೇಡಂ?
— ಒಬ್ಬ ಕಾಫಿ ಬೆಳೆಗಾರರು, ಸಕಲೇಶಪುರ ತಾಲೂಕು

ಉತ್ತರ: ಸಾರ್, ನೀವು ನೋಡಿದ ಹೊಳೆಯ ಬಗ್ಗೆ ನನ್ನ ತಕರಾರಿಲ್ಲ. ಗಾದೆಯ ಬಗ್ಗೆ ಇದೆ. ಬೆಂಕಿ ಬೀಳುವ ಮೊದಲೇ ಬಾವಿ ತೋಡಿಡೋಣ ಅಂತಲೇ ನಾನು ಹೇಳಿದ್ದು.

ಸೆಳವು ಏರಿದ ಹೊಳೆಗೆ ಯಾರೂ ಇಳಿಯಬಾರದು. ಒಳ್ಳೆಯ ಈಜು ಮೇಷ್ಟ್ರು ಮೊದಲ ದಿನ ಹೇಳುವ ಮಾತೇ ಇದು. ಅರ್ಧ ಅಡಿ ನೀರು ಜೋರಾಗಿ ಹರಿಯುತ್ತಿದ್ದರೆ ಗಟ್ಟಿ ಆಳನ್ನೂ ಕೆಡವುತ್ತದೆ. ಎರಡು ಅಡಿ ನೀರು ಕಾರನ್ನು ಎತ್ತಿಕೊಂಡು ಹೋಗುತ್ತದೆ. ಸೇತುವೆ ಮೇಲೆ ನೀರು ಹೋಗುತ್ತಿರುವಾಗ ‘ನಮ್ಮ ಜೀಪು ದಾಟುತ್ತೆ ಬಿಡಿ’ ಅನ್ನುವವರು ನಮ್ಮ ಮಲೆನಾಡಿನಲ್ಲಿ ಸ್ವಲ್ಪ ಜಾಸ್ತಿ. ಅವರಿಗೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಆದರೆ ಸೆಳವು ಇಳಿದ ಮೇಲೂ ಪ್ರವಾಹ ಇರುತ್ತದೆ, ನಿಂತ ನೀರಾಗಿ. ನೀವು ಹೇಮಾವತಿಯನ್ನು ನೋಡುವುದಕ್ಕೆ ಐದು ತಿಂಗಳು ಮೊದಲು, ಅದೇ 2019ರ ಮಾರ್ಚ್‌ನಲ್ಲಿ, ಇದಾಯ್ ಎಂಬ ಚಂಡಮಾರುತ ಮೊಜಾಂಬಿಕ್ ದೇಶದ ಬೈರಾ ಊರಿಗೆ ಬಡಿಯಿತು. ಗಾಳಿಯ ಆರ್ಭಟ ಒಂದು ರಾತ್ರಿಯದ್ದು. ಆಮೇಲೆ ಬುಜಿ, ಪುಂಗ್ವೆ ಎಂಬ ನದಿಗಳು ಬಯಲೆಲ್ಲ ಹರಡಿಕೊಂಡು ಕಡಲಿನ ಹಾಗೆ ನಿಂತುಬಿಟ್ಟವು. ಜನ ಚಾವಣಿ ಮೇಲೆ, ಮರದ ಮೇಲೆ ದಿನಗಟ್ಟಲೆ ಕೂತಿದ್ದರು. ಮೊಜಾಂಬಿಕ್, ಜಿಂಬಾಬ್ವೆ, ಮಲಾವಿ ಮೂರೂ ದೇಶ ಸೇರಿ ಸಾವಿರಕ್ಕೂ ಹೆಚ್ಚು ಜನ ಹೋದರು.

ಈಗ ಆ ಮರದ ಮೇಲೆ ನಿಮ್ಮನ್ನೇ ಕೂರಿಸಿಕೊಂಡು ನೋಡಿ. ಎರಡನೇ ದಿನ ತೂಕಡಿಕೆ ಬರುತ್ತದೆ, ಕೈ ಜಾರುತ್ತದೆ. ಅಥವಾ ದೋಣಿ ಬಂದಿದೆ, ಕೊಂಬೆಗಳ ಮಧ್ಯೆ ಬರಲಾಗದೆ ಮೂರು ಮಾರು ದೂರದಲ್ಲಿ ನಿಂತಿದೆ. ಆ ಮೂರು ಮಾರು ನೀರು ದಾಟಲು ಬರುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ. ಪ್ರವಾಹದಲ್ಲಿ ಸಾಯುವ ನಾಲ್ವರಲ್ಲಿ ಮೂವರು ಮುಳುಗಿಯೇ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದಕ್ಷಿಣ ಆಫ್ರಿಕಾದಲ್ಲಿ ಎನ್‌ಎಸ್‌ಆರ್‌ಐ ಅಂತ ಕಡಲ ರಕ್ಷಣೆಯ ಸಂಸ್ಥೆಯಿದೆ, ಸ್ವಯಂಸೇವಕರಿಂದ ನಡೆಯುವಂಥದ್ದು. ಅವರು ಶಾಲೆ ಮಕ್ಕಳಿಗೆ ಹೇಳಿಕೊಡುವ ಪಾಠದಲ್ಲಿ ನಾಲ್ಕೇ ಸಂಗತಿ. ನೀರೊಳಗೆ ಉಸಿರು ಹಿಡಿಯುವುದು. ಬಿದ್ದಾಗ ಮೇಲು ಯಾವುದು, ಕೆಳಗೆ ಯಾವುದು ತಿಳಿದು ತಿರುಗಿಕೊಳ್ಳುವುದು. ತೇಲುವುದು. ಹೇಗಾದರೂ ಮಾಡಿ 5 ಮೀಟರ್ ಸಾಗುವುದು. ನಿಮ್ಮ ದೋಣಿಯ ಮೂರು ಮಾರು ಅಂದರೆ ಹೆಚ್ಚೂಕಡಿಮೆ ಅಷ್ಟೇ. ನಾಯಿ ಕಾಲು ಬಡಿದ ಹಾಗೆ ಬಡಿದರೂ ಪಾಸು. ಈಜುಕೊಳ ಇಲ್ಲದ ಹಳ್ಳಿ ಶಾಲೆಗಳಿಗೆ ಅವರು ಹಡಗಿನ ಕಂಟೇನರ್ ಒಳಗೇ ಕೊಳ ಕೂರಿಸಿ ತಂದು ಇಳಿಸುತ್ತಾರೆ. ಉದ್ದ ಆರೇ ಮೀಟರ್. ನಮ್ಮ ಕಡೆ ಕಾಫಿ ಪಲ್ಪಿಂಗ್ ತೊಟ್ಟಿ ಇದಕ್ಕಿಂತ ದೊಡ್ಡದಿರುತ್ತದೆ.

ಎಲ್ಲಕ್ಕೂ ಇದೇ ಮದ್ದು ಅಂತ ನಾನು ಹೇಳುವುದಿಲ್ಲ. ಅದೇ ದೇಶದ ಡರ್ಬನ್ ಸುತ್ತಮುತ್ತ 2022ರ ಏಪ್ರಿಲ್‌ನಲ್ಲಿ ಸುರಿದ ಮಳೆಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಭೂಮಿ ಬಿಸಿಯೇರಿದ್ದರಿಂದ ಅಂಥ ಮಳೆಯ ಸಂಭವ ಎರಡರಷ್ಟಾಗಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಅಲ್ಲಿ ಗುಡ್ಡ ಜಾರಿ ಮನೆಗಳು ಮುಚ್ಚಿಹೋದವು. ಮಣ್ಣು ಮೈಮೇಲೆ ಬಿದ್ದರೆ ಈಜು ಏನು ಮಾಡುತ್ತದೆ? ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ಬಾಂಗ್ಲಾದೇಶದವರು ನಮಗೆಲ್ಲ ಮೇಷ್ಟ್ರು. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕಡಿಮೆಯೆಂದರೂ 3 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. 1972ರಿಂದ ಸ್ವಯಂಸೇವಕರು ಮೈಕು ಹಿಡಿದು ಊರೂರು ಎಚ್ಚರಿಸುವ ಏರ್ಪಾಡು ಮಾಡಿಕೊಂಡರು. ಎತ್ತರದ ಆಶ್ರಯ ಕಟ್ಟಡಗಳು ಬಂದವು. ಚಂಡಮಾರುತದ ಸಾವು ಇಳಿಯಿತು. ಈಜು ಕಲಿಸುವುದು ಆಮೇಲಿನ ಮಾತು. ಊರ ಕೆರೆಯಲ್ಲೇ ಬಿದಿರಿನ ಅಟ್ಟಣೆ ಇಳಿಸಿ, ಅದರ ಮೇಲೆ ಮಕ್ಕಳನ್ನು ನಿಲ್ಲಿಸಿ ಕಲಿಸುತ್ತಾರೆ. 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು. ದಡದಲ್ಲೇ ನಿಂತು ಇನ್ನೊಬ್ಬರನ್ನು ಎಳೆಯುವುದನ್ನೂ ಕಲಿಯಬೇಕು. ಎಚ್ಚರಿಕೆ ಮೊದಲು, ದೂರ ಇರುವುದು ಎರಡನೆಯದು. ಎರಡೂ ಕೈಕೊಟ್ಟಾಗ ತೇಲುವುದು. ನಾನು ಹೇಳಿದ ಈಜಿಗೆ ಅಷ್ಟೇ ಜಾಗ, ಸಾರ್. ಆದರೆ ಆ ಜಾಗ ಖಾಲಿ ಬಿಡಬಾರದು.

ಪ್ರಶ್ನೆ: ಮಗಳಿಗೆ 9 ವರ್ಷ. ಮನೆ ಹಿಂದೆಯೇ ಕೆರೆ. ಈಜು ಕಲಿಸೋಣ ಅಂದರೆ ನಮ್ಮತ್ತೆ, ‘ಹೆಣ್ಣು ಹುಡುಗಿಗೆ ಯಾಕೆ ಈಜು? ನೀರಿನ ಹತ್ತಿರ ಹೋಗದಿದ್ದರೆ ಆಯ್ತು’ ಅನ್ನುತ್ತಾರೆ. ನನಗೆ ಬಟ್ಟೆಯದ್ದೂ ಯೋಚನೆ, ಕೆರೆ ನೀರಿನ ಗಲೀಜಿನದ್ದೂ ಯೋಚನೆ. ಏನು ಮಾಡಲಿ?
— ಒಬ್ಬ ತಾಯಿ, ಆಲೂರು

ಉತ್ತರ: ನಿಮ್ಮತ್ತೆಯವರಿಗೆ ಒಂದೇ ಪ್ರಶ್ನೆ ಕೇಳಿ. ಮನೆಯಲ್ಲಿ ನೀರಿನ ಹತ್ತಿರ ಜಾಸ್ತಿ ಹೋಗುವವರು ಯಾರು?

ನಾನು 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಖೋಖೋ, ಥ್ರೋಬಾಲ್, ಕಬಡ್ಡಿ ಎಲ್ಲದರಲ್ಲೂ ಮಕ್ಕಳನ್ನು ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋಗಿದ್ದೇನೆ. ನನಗೆ ಈಜು ಬಂದದ್ದು 44ನೇ ವಯಸ್ಸಿನಲ್ಲಿ. ನಮ್ಮಣ್ಣ ಎಂಟು ವರ್ಷಕ್ಕೇ ಕಲಿತ. ಅಪ್ಪ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಲ್ಲಿ ಬಿಗಿದು, ನಡುವಿನ ಹಗ್ಗ ಅವನ ಎದೆ ಕೆಳಗೆ ಬರುವ ಹಾಗೆ ಮಾಡಿ ಕೆರೆಗೆ ಬಿಡುತ್ತಿದ್ದರು. ಮೊದಲು ದೊಡ್ಡ ಕಾಯಿ, ಆಮೇಲೆ ಸಣ್ಣ ಕಾಯಿ, ಕೊನೆಗೆ ಬರೀ ಹಗ್ಗ. ನಾನು ಏರಿ ಮೇಲೆ ಕೂತು ಅವನ ಅಂಗಿ ಚಡ್ಡಿ ಕಾಯುತ್ತಿದ್ದೆ. ದನ ಬಂದು ಅಂಗಿ ಅಗಿಯದ ಹಾಗೆ ನೋಡಿಕೊಳ್ಳುವುದು ನನ್ನ ಡ್ಯೂಟಿ. ಬಟ್ಟೆ ಒಗೆಯಲು, ಕೊಡ ತುಂಬಲು, ಎಮ್ಮೆ ಮೈ ತೊಳೆಯಲು ದಿನಕ್ಕೆ ಮೂರು ಸಲ ಅದೇ ಕೆರೆಗೆ ಇಳಿಯುತ್ತಿದ್ದವಳು ಮಾತ್ರ ನಾನು. ಅಣ್ಣ ಸಂಜೆ ಒಂದು ಸಲ, ಅದೂ ಆಟಕ್ಕೆ. ಈ ಲೆಕ್ಕ ತಪ್ಪಿದೆ ಅಂತ ಆಗ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಅನ್ನಿಸಿದ್ದು ಜಾಂಜಿಬಾರ್‌ನಲ್ಲಿ. ಮಗಳು ಅಳಿಯ ಆಗ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದರು. 2018ರ ದಸರಾ ರಜೆಯಲ್ಲಿ ನಾನು ಹೋಗಿದ್ದೆ. ದ್ವೀಪದ ಉತ್ತರದ ತುದಿಯಲ್ಲಿ ನುಂಗ್ವಿ ಅಂತ ಮೀನುಗಾರರ ಊರು. ಸುತ್ತ ಕಡಲು. ಗಂಡು ಮಕ್ಕಳು ನೀರಲ್ಲೇ ಬೆಳೆಯುತ್ತಾರೆ, ಹೆಣ್ಣು ಮಕ್ಕಳು ದಡದಲ್ಲಿ. ಏನೋ ನಮ್ಮೂರ ಏರಿ ಮೇಲೆಯೇ ನಿಂತಿದ್ದೇನೆ ಅನ್ನಿಸಿತು. ಅಲ್ಲಿ 2011ರ ಸುಮಾರಿಗೆ ‘ಪಂಜೆ’ ಎಂಬ ಹೆಸರಿನಲ್ಲಿ ಹೆಣ್ಣು ಮಕ್ಕಳಿಗೂ ಈಜು ಕಲಿಸುವ ಕೆಲಸ ಶುರುವಾಯಿತು. ಸ್ವಾಹಿಲಿಯಲ್ಲಿ ಪಂಜೆ ಅಂದರೆ ದೊಡ್ಡ ಮೀನು. ನನ್ನ ಕಿವಿಗೆ ಮೊದಲು ಪಂಚೆ ಅಂತ ಕೇಳಿಸಿತ್ತು.

ಅಲ್ಲೂ ಬಟ್ಟೆಯದ್ದೇ ದೊಡ್ಡ ತಕರಾರಾಗಿತ್ತು. ಮುಸ್ಲಿಂ ಮನೆಗಳು, ಮೈ ಕಾಣಬಾರದು. ತಲೆಯಿಂದ ಕಾಲಿನ ತನಕ ಮುಚ್ಚುವ ಈಜುಡುಗೆ ಹಾಕಿಸಿದರು, ತಕರಾರು ಕರಗಿತು. ಕಲಿಸುವವರೂ ಅಲ್ಲಿನ ಹೆಂಗಸರೇ ಆಗುತ್ತ ಬಂದರು. ಊರನ್ನು ಬದಲಾಯಿಸಿ ಆಮೇಲೆ ಕಲಿಸೋಣ ಅಂತ ಅವರು ಕೂತಿದ್ದರೆ ಇವತ್ತಿಗೂ ಕೂತಿರುತ್ತಿದ್ದರು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ತಾಗಿತು. ಜಾಂಜಿಬಾರ್‌ನಲ್ಲಿ ಕಡಲ ಪಾಚಿ ಬೆಳೆಯುವ ಬೇಸಾಯವಿದೆ, ಬಹುಪಾಲು ಹೆಂಗಸರದ್ದೇ. ಗೂಟ ನೆಟ್ಟು ಹಗ್ಗ ಕಟ್ಟಿ, ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಮಾಡುವ ಕೆಲಸ. ಕಡಲು ಬಿಸಿಯೇರುತ್ತ ಬಂದ ಹಾಗೆ ದಡದ ನೀರಿನಲ್ಲಿ ಒಳ್ಳೆ ಬೆಲೆಯ ಪಾಚಿ ಕೊಳೆಯತೊಡಗಿತು. ತಂಪು ನೀರು ಬೇಕಾದರೆ ಆಳಕ್ಕೆ ಹೋಗಬೇಕು. ಇಷ್ಟು ವರ್ಷ ಬೇಸಾಯ ಮಾಡಿದ ಹೆಂಗಸರಿಗೆ ಈಜೇ ಬಾರದು! ಹವಾಮಾನ ಬದಲಾವಣೆ ಅಂದರೆ ನಾವು ದೊಡ್ಡ ಗಾಳಿ, ದೊಡ್ಡ ಮಳೆ ಅಂದುಕೊಳ್ಳುತ್ತೇವೆ. ಅವರಿಗೆ ಅದು ಬಂದದ್ದು ಹೀಗೆ, ಮೊಣಕಾಲಿನಿಂದ ಕುತ್ತಿಗೆಗೆ.

ಈಗ ನಿಮ್ಮ ಮಗಳ ವಿಷಯ. ಲೆಗ್ಗಿಂಗ್ಸ್, ಮೈಗೆ ಅಂಟುವ ತುಂಬು ತೋಳಿನ ಟೀ ಶರ್ಟ್ ಸಾಕು. ವೇಲ್ ಬೇಡ, ಸಡಿಲ ಪ್ಯಾಂಟ್ ಬೇಡ. ಚೆನ್ನಾಗಿ ತೇಲಲು ಬಂದ ಮೇಲೆ ಒಂದು ದಿನ ಸ್ಕೂಲ್ ಯೂನಿಫಾರ್ಮ್‌ನಲ್ಲೇ ನೀರಿಗಿಳಿಸಿ. ಯಾರೂ ಈಜುಡುಗೆ ಹಾಕಿಕೊಂಡು ಕಾಲು ಜಾರುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಈಜು ಪರೀಕ್ಷೆಯಲ್ಲಿ ಬಟ್ಟೆ ತೊಟ್ಟು ಈಜುವುದೂ ಒಂದು ಭಾಗ.

ಗಲೀಜಿನ ಮಾತಿಗೆ ಬಂದರೆ, ವಿಕ್ಟೋರಿಯಾ ಸರೋವರ, ಮಲಾವಿ ಸರೋವರದ ಕಡೆಯವರಿಗೆ ನಿಮಗಿಂತ ದೊಡ್ಡ ತಲೆನೋವಿದೆ. ಅಲ್ಲಿನ ಬಸವನಹುಳುಗಳಿಂದ ನೀರಿಗೆ ಬರುವ ಒಂದು ಸಣ್ಣ ಹುಳು ಚರ್ಮ ಕೊರೆದು ಮೈಯೊಳಗೆ ಸೇರುತ್ತದೆ. ಬಿಲ್ಹಾರ್ಜಿಯಾ ಅನ್ನುವ ಕಾಯಿಲೆ. ಮೊಸಳೆಯ ಭಯ ಬೇರೆ. ನಿಮ್ಮ ಕೆರೆಯಲ್ಲಿ ನಾನು ಹೆದರುವುದು ಜೆಸಿಬಿ ಗುಂಡಿಗೆ. ಹೂಳು ತೆಗೆಯುತ್ತೇವೆ, ಮಣ್ಣು ಹೊಡೆಯುತ್ತೇವೆ ಅಂತ ಬೇಸಿಗೆಯಲ್ಲಿ ಎಲ್ಲೆಂದರಲ್ಲಿ ತೋಡಿ ಬಿಟ್ಟಿರುತ್ತಾರೆ. ಮಳೆ ಬಂದರೆ ಮೇಲೆ ಎಲ್ಲ ಸಪಾಟು. ಸೊಂಟದ ನೀರಿನಲ್ಲಿ ನಡೆಯುತ್ತಿದ್ದವರು ಇನ್ನೊಂದು ಹೆಜ್ಜೆಗೆ ಇಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗಲೇ ಮಗಳನ್ನು ಕರೆದುಕೊಂಡು ಹೋಗಿ ಗುಂಡಿಗಳು ಎಲ್ಲಿವೆ ತೋರಿಸಿ. ತೂಬು, ಕೋಡಿಯ ಹತ್ತಿರ ಸುಳಿಯುವುದು ಬೇಡ. ಕಲಿಸುವ ದಿನ ಈಜು ಬಲ್ಲ ದೊಡ್ಡವರು ಕೈಗೆಟುಕುವ ದೂರದಲ್ಲೇ ಇರಬೇಕು. ದಡದಲ್ಲಿ ಕೂತು ಫೋನು ನೋಡುವವರು ಲೆಕ್ಕಕ್ಕಿಲ್ಲ. ಕೆರೆಗಿಂತ ಹಾಸನದಲ್ಲಿ ಎಲ್ಲಾದರೂ ಕೊಳ ಸಿಕ್ಕರೆ ಅದೇ ಮೇಲು, ಮೊದಲ ತಿಂಗಳಾದರೂ.

ಪ್ರಶ್ನೆ: ಕಪ್ಪು ಜನರ ಮೂಳೆ ಭಾರ, ಅದಕ್ಕೇ ಅವರಿಗೆ ಈಜು ಬರುವುದಿಲ್ಲ ಅಂತ ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬ ಹೇಳುತ್ತಾನೆ. ನಿಜವಾ ಮೇಡಂ?
— ಕಾಲೇಜು ವಿದ್ಯಾರ್ಥಿ, ಚನ್ನರಾಯಪಟ್ಟಣ

ಉತ್ತರ: ಅವನಿಗೆ ಹೇಳಪ್ಪ, ಭಾರ ಇರುವುದು ಮೂಳೆಯದ್ದಲ್ಲ, ಕಾನೂನಿನದ್ದು. ದಕ್ಷಿಣ ಆಫ್ರಿಕಾದಲ್ಲಿ 1953ರಲ್ಲಿ ಒಂದು ಕಾಯ್ದೆ ಬಂತು. ಬಿಳಿಯರಿಗೆ ಬೇರೆ ಕೊಳ, ಬೇರೆ ಕಡಲತೀರ. ಒಳ್ಳೆಯದೆಲ್ಲ ಅವರಿಗೆ. ಅದು ರದ್ದಾದದ್ದು 1990ರಲ್ಲಿ. ಅಜ್ಜಿ ನೀರಿಗಿಳಿದಿಲ್ಲ, ಅದಕ್ಕೆ ಅಮ್ಮನಿಗೆ ಭಯ, ಅದಕ್ಕೆ ಮಗುವಿಗೆ ಬಾರದು. ನಾಲ್ಕು ಶತಮಾನದ ಹಿಂದೆ ಪಶ್ಚಿಮ ಆಫ್ರಿಕಾದ ಕರಾವಳಿಗೆ ಹೋದ ಯುರೋಪಿನವರು ಅಲ್ಲಿಯವರ ಈಜು ನೋಡಿ ಬೆರಗಾಗಿ ಬರೆದಿಟ್ಟಿದ್ದಾರೆ. ಆಗ ಯುರೋಪಿನ ಎಷ್ಟೋ ನಾವಿಕರಿಗೇ ಈಜು ಬರುತ್ತಿರಲಿಲ್ಲ. ಇನ್ನು ನಮ್ಮೂರ ಕಲ್ಯಾಣಿಗೆ ಯಾರನ್ನು ಇಳಿಯಲು ಬಿಡುತ್ತಿರಲಿಲ್ಲ ಅಂತ ನಿಮ್ಮಜ್ಜನನ್ನು ಕೇಳು. ದೂರ ಹೋಗಬೇಕಿಲ್ಲ.

ಎರಿಕ್ ಮುಸಂಬಾನಿ ಅಂತ ಒಬ್ಬನಿದ್ದಾನೆ, ಈಕ್ವಟೋರಿಯಲ್ ಗಿನಿ ದೇಶದವನು. ಈಜು ಕಲಿತದ್ದು ಒಲಿಂಪಿಕ್ಸ್‌ಗೆ ಎಂಟು ತಿಂಗಳು ಮೊದಲು, ಹೋಟೆಲೊಂದರ ಸಣ್ಣ ಕೊಳದಲ್ಲಿ. 50 ಮೀಟರಿನ ಕೊಳ ಕಂಡದ್ದೇ ಸಿಡ್ನಿಗೆ ಹೋದ ಮೇಲೆ. 2000ದ ಒಲಿಂಪಿಕ್ಸ್, 100 ಮೀಟರ್. ಜೊತೆಯ ಇಬ್ಬರು ಶುರುವಿನ ಸದ್ದಿಗೆ ಮೊದಲೇ ಹಾರಿ ಸ್ಪರ್ಧೆಯಿಂದ ಹೊರಬಿದ್ದರು, ಇವನೊಬ್ಬನೇ ಉಳಿದ. ಕೊನೆಯ ಕೆಲವು ಮೀಟರ್ ಮುಳುಗಿಯೇ ಹೋಗುತ್ತಾನೇನೋ ಅನ್ನುವ ಹಾಗಿತ್ತು. 1 ನಿಮಿಷ 52.72 ಸೆಕೆಂಡ್. ಆ ಸಲ ಚಿನ್ನ ಗೆದ್ದವನ ಸಮಯದ ಎರಡರಷ್ಟಕ್ಕೂ ಜಾಸ್ತಿ. ಜನ ಎದ್ದುನಿಂತು ಕೂಗುತ್ತಿದ್ದರು. ಟಿವಿಯಲ್ಲಿ ನೋಡಿ ನಾನೂ ನಕ್ಕಿದ್ದೆ. ಆಗ ನನಗೆ ಎರಡು ಮೀಟರೂ ಬರುತ್ತಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಪ್ರಶ್ನೆ: ಗೊರೂರು ಹಿನ್ನೀರಿಗೆ ಪಿಕ್ನಿಕ್ ಹೋದಾಗ ಲಾರಿ ಟ್ಯೂಬ್ ತಗೊಂಡು ಹೋಗ್ತೀವಿ. ಅದಿದ್ದರೆ ಸಾಕಲ್ವಾ?
— ಗೆಳೆಯರ ಬಳಗ, ಹಾಸನ

ಉತ್ತರ: ಸಾಲದು. ಟ್ಯೂಬ್ ಕೈ ಜಾರುತ್ತದೆ, ಗಾಳಿಗೆ ಮಧ್ಯಕ್ಕೆ ಹೋಗುತ್ತದೆ. ಬಕಲ್ ಹಾಕಿದ ಲೈಫ್ ಜಾಕೆಟ್ ಬೇರೆ ವಿಷಯ. ದೋಣಿಯಲ್ಲಿ ಅದು ಈಜಿಗಿಂತ ಮೇಲು. ನಾನು ತಾಂಜಾನಿಯಾಕ್ಕೆ ಹೋಗುವುದಕ್ಕೆ ಕೆಲವೇ ವಾರ ಮೊದಲು, 2018ರ ಸೆಪ್ಟೆಂಬರ್ 20ರಂದು, ವಿಕ್ಟೋರಿಯಾ ಸರೋವರದಲ್ಲಿ ಎಂ.ವಿ. ನ್ಯೆರೆರೆ ಎಂಬ ಫೆರಿ ಮಗುಚಿಕೊಂಡಿತ್ತು. ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನ ಹತ್ತಿದ್ದರು. ಉಕಾರಾ ದ್ವೀಪದ ದಡ ಕಣ್ಣೆದುರೇ ಇತ್ತು. 200ಕ್ಕೂ ಹೆಚ್ಚು ಜನ ಸತ್ತರು. ಜಾಂಜಿಬಾರ್ ಫೆರಿ ಹತ್ತುವಾಗ ಮಗಳು ಸೀಟು ಹುಡುಕಲಿಲ್ಲ, ಮೊದಲು ಜಾಕೆಟ್‌ಗಳನ್ನು ಎಣಿಸಿದಳು. ಬಾಟಲಿ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಕುಡಿದವರು ದಡದಲ್ಲೇ ಬಿರಿಯಾನಿ ತಿನ್ನಲಿ.

ಪ್ರಶ್ನೆ: ನಮ್ಮದು ಅರಸೀಕೆರೆ. ಬರದ ಊರು. ಕುಡಿಯುವುದಕ್ಕೇ ಟ್ಯಾಂಕರ್ ಬರುತ್ತೆ. ನಮಗ್ಯಾಕೆ ಈಜು?
— ತೆಂಗು ಬೆಳೆಗಾರರು, ಅರಸೀಕೆರೆ ತಾಲೂಕು

ಉತ್ತರ: ಅದಕ್ಕೇ ಬೇಕು ಸ್ವಾಮಿ. ಹೊಳೆ ದಡದ ಮಕ್ಕಳಿಗೆ ನೀರು ಗೊತ್ತು. ನಿಮ್ಮ ಮಕ್ಕಳಿಗೆ ಗೊತ್ತಿಲ್ಲ. ಕೀನ್ಯಾ, ಸೊಮಾಲಿಯಾದ ಕಡೆ ಹೀಗೇ ಆಯಿತು. ಮಳೆ ಇಲ್ಲದೆ ವರ್ಷಗಟ್ಟಲೆ ದನಕರು ಸತ್ತು, 2023ರ ಕೊನೆಯಲ್ಲಿ ಅದೇ ನೆಲದ ಮೇಲೆ ಪ್ರವಾಹ ಬಂತು. ಒಣಗಿ ಗಟ್ಟಿಯಾದ ನೆಲ ನೀರು ಕುಡಿಯುವುದಿಲ್ಲ. ನಿನ್ನೆ ತನಕ ದಾರಿಯಾಗಿದ್ದ ಹಳ್ಳ ಇವತ್ತು ಹೊಳೆ.

ಇನ್ನು ನಿಮ್ಮ ತೋಟದಲ್ಲಿ ಕೃಷಿ ಹೊಂಡ ಇದೆಯಾ? 2014ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲೆ ಒಣ ಭೂಮಿಯಲ್ಲಿ ಇವು ಬಹಳ ಆದವು. ಒಳ್ಳೆಯದೇ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಪಾಚಿ ಕಟ್ಟಿದರೆ ಸೋಪು ಹಚ್ಚಿದ ಹಾಗೆ. ಈಜು ಬಲ್ಲ ಗಂಡಸೂ ಹತ್ತಿ ಬರಲಾರ. ಅಲ್ಲಿ ಈಜಿಗಿಂತ ಹಗ್ಗ ಮುಖ್ಯ. ದಪ್ಪ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿ ತಳದ ತನಕ ಇಳಿಬಿಡಿ. ಒಂದು ಬದಿಗೆ ಹಳೆ ಟೈರುಗಳನ್ನು ಏಣಿಯ ಹಾಗೆ ಕಟ್ಟಿ ಇಳಿಸಿ. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ಒಂದು ಹಗ್ಗದ ತುದಿಯಲ್ಲಿ ಯಾವಾಗಲೂ ತೂಗುತ್ತಿರಲಿ. ದಕ್ಷಿಣ ಆಫ್ರಿಕಾದ ಕಡಲತೀರ, ಅಣೆಕಟ್ಟುಗಳ ದಂಡೆಯಲ್ಲಿ ಗುಲಾಬಿ ಬಣ್ಣದ ತೇಲುಗಗಳನ್ನು ಕಂಬಕ್ಕೆ ನೇತುಹಾಕಿರುತ್ತಾರೆ, ಯಾರು ಬೇಕಾದರೂ ಎಸೆಯಲಿ ಅಂತ. ನಮ್ಮ ಎಣ್ಣೆ ಕ್ಯಾನ್ ಅದರ ಬಡ ತಮ್ಮ. ಸುತ್ತ ಬೇಲಿ ಹಾಕಿಸಿ. ಬಿಲ್ಲಿನಲ್ಲಿ ಇರುವ ಬೇಲಿಯಲ್ಲ, ಕಣ್ಣಿಗೆ ಕಾಣುವ ಬೇಲಿ.

ಪ್ರಶ್ನೆ: ನಮ್ಮ ಪಕ್ಕದ ಊರಿನಲ್ಲಿ ಕೆರೆಗೆ ಬಿದ್ದ ಹುಡುಗನನ್ನು ಮೇಲೆತ್ತಿದರು. ತಲೆಕೆಳಗು ಮಾಡಿ ತಿರುಗಿಸಿದರು, ಹೊಟ್ಟೆ ಒತ್ತಿದರು, ಆಮೇಲೆ ಯಾರೋ ಉಪ್ಪಿನ ಮೂಟೆ ತನ್ನಿ ಅಂದರು. ಹುಡುಗ ಉಳಿಯಲಿಲ್ಲ. ಏನು ಮಾಡಬೇಕಿತ್ತು?
— ಹೆಸರು ಬೇಡ, ಬೇಲೂರು ತಾಲೂಕು

ಉತ್ತರ: ಈ ಪತ್ರ ಎರಡು ಸಲ ಓದಿದೆ. ಅಲ್ಲಿದ್ದವರನ್ನು ಬೈಯಲಾರೆ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ವಾಟ್ಸಾಪ್ ಹೇಳಿಕೊಟ್ಟಿತ್ತು. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಸತ್ತವರು ಏಳುತ್ತಾರೆ ಅನ್ನುವುದು ಶುದ್ಧ ಸುಳ್ಳು. ಅದರಿಂದ ಹೋಗುವುದು ಆ ಕೆಲವು ನಿಮಿಷ, ಇನ್ನೇನೂ ಇಲ್ಲ.

ಮುಳುಗಿದವರಿಗೆ ಬೇಕಾದದ್ದು ಉಸಿರು. ಹೊಟ್ಟೆಯ ನೀರು ತೆಗೆಯಲು ಹೋಗಬೇಡಿ. ಒತ್ತಿದರೆ ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ. ಸಮ ನೆಲದಲ್ಲಿ ಅಂಗಾತ ಮಲಗಿಸಿ. ಒಬ್ಬರು ಕೂಡಲೇ 108ಕ್ಕೆ ಫೋನು ಮಾಡಲಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ, ಬಾಯಿ ಕೆಳಗಿರಲಿ. ಉಸಿರಿಲ್ಲದಿದ್ದರೆ ಹಣೆ ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎರಡು ಸಲ ಊದಿ. ಎದೆ ಏಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ ಅಂಗೈ ಇಟ್ಟು 30 ಸಲ ಜೋರಾಗಿ ಒತ್ತಿ, ಸೆಕೆಂಡಿಗೆ ಎರಡರ ಹತ್ತಿರ ಹತ್ತಿರ. ದೊಡ್ಡವರಿಗೆ ಎರಡು ಇಂಚು ಇಳಿಯಬೇಕು. ಮತ್ತೆ ಎರಡು ಊದು, ಮತ್ತೆ 30. ಆಂಬುಲೆನ್ಸ್ ಬರುವ ತನಕ ಬಿಡಬೇಡಿ, ಸುಸ್ತಾದರೆ ಕೈ ಬದಲಾಯಿಸಿ. ಎದ್ದು ಕೂತು ‘ನಾನು ಸರಿ ಇದ್ದೀನಿ’ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಓದಿ ಇದು ಬರುವುದಿಲ್ಲ. ಬೊಂಬೆಯ ಮೇಲೆ ಒಂದು ಸಲವಾದರೂ ಒತ್ತಿ ನೋಡಬೇಕು. ನಿಮ್ಮ ಹತ್ತಿರದ ಆಸ್ಪತ್ರೆ ಅಥವಾ ಅಗ್ನಿಶಾಮಕ ಠಾಣೆಯವರನ್ನು ಕೇಳಿ, ಶಾಲೆಗೆ ಕರೆಸಿ.

ಇನ್ನೊಂದು. ಒಬ್ಬ ಮುಳುಗಿದ, ಎತ್ತಲು ಹೋದ ಮೂವರೂ ಹೋದರು ಅಂತ ಪೇಪರ್‌ನಲ್ಲಿ ಎಷ್ಟು ಸಲ ಓದುತ್ತೇವೆ. ಮುಳುಗುವವರು ಕೂಗುವುದಿಲ್ಲ, ಸುಮ್ನೆ ಮುಳುಗುತ್ತಾರೆ. ಹತ್ತಿರ ಹೋದವರನ್ನು ಏಣಿ ಹಾಗೆ ಹತ್ತುತ್ತಾರೆ. ಅದಕ್ಕೆ ದಡದಲ್ಲಿ ಮಲಗಿ ಗಳ ಚಾಚಿ. ಗಳ ಇಲ್ಲದಿದ್ದರೆ ಪಂಚೆ, ಸೀರೆ ಎಸೆಯಿರಿ. ಬಾಂಗ್ಲಾದೇಶದ ಮಕ್ಕಳಿಗೆ ದಡದಿಂದಲೇ ಎಳೆಯಲು ಯಾಕೆ ಕಲಿಸುತ್ತಾರೆ ಅಂದರೆ ಇದಕ್ಕೇ.

ಪ್ರಶ್ನೆ: ನನಗೆ 58. ಕಾಲು ಕೆರೆಗೆ ಇಟ್ಟರೆ ನಡುಗುತ್ತೆ. ಈ ವಯಸ್ಸಿನಲ್ಲಿ ಕಲಿಯಬಹುದಾ, ಅಥವಾ ಸುಮ್ನೆ ಆಸೆಯಾ?
— ಹೆಸರು ಹಾಕಬೇಡಿ, ಹಾಸನ

ಉತ್ತರ: ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಖಂಡಿತ ಕಲಿಯಬಹುದು. ನಾನು ಕಲಿತ ಕೊಳದಲ್ಲಿ ಹೆಂಗಸರ ಬ್ಯಾಚು ಬೆಳಗ್ಗೆ 11 ಗಂಟೆಗೆ ಇಟ್ಟಿದ್ದರು. ಕೆಲಸಕ್ಕೆ ಹೋಗುವವರು ಯಾರು ಬರಲಿ, ಅಡುಗೆ ಮಾಡುವವರು ಯಾರು ಬರಲಿ? ಜಗಳ ಮಾಡಿ 6 ಗಂಟೆಗೆ ಮಾಡಿಸಿಕೊಂಡೆವು. ಕಲಿಸುವ ಹುಡುಗ ನನ್ನ ಹಳೆ ವಿದ್ಯಾರ್ಥಿಯ ವಯಸ್ಸಿನವನು. ‘ಆಂಟಿ, ಕಿವಿ ನೀರಿಗೆ ಬಿಡಿ’ ಅನ್ನುತ್ತಿದ್ದ. ಎರಡು ವಾರ ನಾನು ಕಿವಿ ಬಿಡಲಿಲ್ಲ. ತಲೆ ಎತ್ತಿದಷ್ಟೂ ಸೊಂಟ ಕೆಳಗೆ, ಸೊಂಟ ಇಳಿದಷ್ಟೂ ಗಾಬರಿ. ಒಂದು ದಿನ ಸುಸ್ತಾಗಿ ತಲೆ ಹಿಂದಕ್ಕೆ ಚೆಲ್ಲಿದೆ. ಕಿವಿ ಮುಳುಗಿತು, ಸದ್ದೆಲ್ಲ ನಿಂತಿತು, ನೋಡಿದರೆ ಮೈ ಮೇಲಿದೆ. ಶ್ವಾಸಕೋಶದ ತುಂಬ ಗಾಳಿ ಇದ್ದರೆ ಬಹುಪಾಲು ಮೈ ತೇಲುತ್ತದೆ. ಕೈ ಮೇಲೆತ್ತಿ ಸಹಾಯಕ್ಕೆ ಬೀಸಿದರೆ ಮುಳುಗುತ್ತದೆ. ಕೈ ನೀರೊಳಗೆ ಅಗಲಕ್ಕೆ, ಗಲ್ಲ ಮೇಲಕ್ಕೆ, ಕಾಲು ಎಲ್ಲಿಗೆ ಬೇಕಾದರೂ ಹೋಗಲಿ. ಹರಿಯುವ ನೀರಿಗೇ ಬಿದ್ದರೆ ಮಾತ್ರ ಪಾದ ಮುಂದೆ, ಮೇಲಕ್ಕೆ ಇರಲಿ. ಬಂಡೆಗೆ ತಲೆಗಿಂತ ಕಾಲು ತಾಗುವುದು ಮೇಲು. ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಗೆ ಕಾಲು ಸಿಕ್ಕಿಕೊಳ್ಳುತ್ತದೆ.

ಕೊಳಕ್ಕೆ ಹೋಗುವ ಮೊದಲು ಒಂದು ವಾರ ಮನೆಯಲ್ಲೇ ಮಾಡಿ. ಅಗಲ ಬಾಯಿಯ ಬಕೆಟ್‌ನಲ್ಲಿ ನೀರು ತುಂಬಿ, ಸ್ಟೂಲಿನ ಮೇಲೆ ಇಟ್ಟುಕೊಂಡು, ಉಸಿರು ಎಳೆದು ಮುಖ ಇಳಿಸಿ ಬುಳುಬುಳು ಗುಳ್ಳೆ ಬಿಡಿ. ದಿನಕ್ಕೆ ಹತ್ತು ಸಲ. ಮೊಮ್ಮಕ್ಕಳು ನಕ್ಕರೆ ಅವರಿಗೂ ಒಂದು ಬಕೆಟ್ ಇಡಿ, ಪಕ್ಕದಲ್ಲೇ ಕೂತು.